ಕಂಪ್ಯೂಟರ್ ದಾಸ್ತಾನು: ಆಯುಧಪೂಜೆಯಿಂದ ಈಚೆಗೆ ಆದ ಕೆಲಸ

ಮೈಸೂರಿನ ನಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರ್‌ಗಳ ಲೆಕ್ಕವನ್ನು ದಾಸ್ತಾನು ವಹಿಗಳಿಂದ ಸ್ನೈಪ್-ಐಟಿ ಎಂಬ ಮುಕ್ತ ತಂತ್ರಾಂಶಕ್ಕೆ ತರುವ ಕೆಲಸ ಅರ್ಧ ದಾಟಿದೆ. ಎಣಿಕೆಗೆ ಆಯುಧಪೂಜೆಯ ಹಿಂದಿನ ದಿನಗಳನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಆಗ ಪ್ರತಿ ವಿಭಾಗದವರೂ ಮೂಲೆ ಸೇರಿದ ಯಂತ್ರಗಳನ್ನು ಹೊರಗೆಳೆದು ಒರೆಸುತ್ತಾರೆ. ಬೀರುವಿನ ಹಿಂದಿದ್ದ ಪ್ರಿಂಟರ್ ಕೂಡ ಕಣ್ಣಿಗೆ ಬೀಳುತ್ತದೆ. ಕ್ಯೂಆರ್ ಚೀಟಿಗಳನ್ನು ಯಂತ್ರದ ಪಕ್ಕಕ್ಕೆ ಅಂಟಿಸಿದ್ದೇವೆ. ಮುಂಭಾಗ ಅರಿಶಿನ ಕುಂಕುಮದ ಜಾಗ.

ತಯಾರಕರು ಕೊಟ್ಟ ಕ್ರಮಸಂಖ್ಯೆ ಹುಡುಕುವುದು ಸುಲಭ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ‘ಡಿಎಂಐಡಿಕೋಡ್’ ಆಜ್ಞೆ ಕೊಟ್ಟರೆ ಯಂತ್ರವೇ ಹೇಳುತ್ತದೆ. ಬಿಡಿಭಾಗ ಕೊಂಡು ಜೋಡಿಸಿದವುಗಳಲ್ಲಿ ಮಾತ್ರ ಆ ಜಾಗ ಹೆಚ್ಚಾಗಿ ಖಾಲಿ. ಅವಕ್ಕೆ ನಮ್ಮದೇ ಸಂಖ್ಯೆ ಕೊಟ್ಟೆವು.

ಕಷ್ಟವಿರುವುದು ಖರೀದಿಯ ಕಾಗದಗಳಲ್ಲಿ. ಸಂಶೋಧನಾ ಯೋಜನೆಯ ಹಣದಲ್ಲಿ ಬಂದ ಯಂತ್ರವನ್ನು ಅನುದಾನದ ಷರತ್ತು ನೋಡದೆ ವಿಲೇವಾರಿ ಮಾಡುವಂತಿಲ್ಲ. ಯೋಜನೆ ಮುಗಿದು, ಪ್ರಾಧ್ಯಾಪಕರು ನಿವೃತ್ತರಾದ ಮೇಲೆ ಆ ಕಡತ ಎಲ್ಲಿದೆ ಎಂದು ಯಾರನ್ನು ಕೇಳುವುದು? ಕೆಟ್ಟ ಯಂತ್ರಗಳು ಕೊಠಡಿ ತುಂಬಿಕೊಂಡು ಕೂರಲು ಇದೇ ಕಾರಣ. ವಿಲೇವಾರಿಯ ತಯಾರಿ, ಹೊಸ ಯಂತ್ರದ ಪೆಟ್ಟಿಗೆ ಒಡೆದ ದಿನವೇ ಆಗಬೇಕು. ಬಿಲ್ಲಿನ ಹಿಂಬದಿಯಲ್ಲಿ ದಾಸ್ತಾನು ವಹಿಯ ಪುಟಸಂಖ್ಯೆ ಬರೆಯುವ ಪದ್ಧತಿ ಹಿಂದಿನಿಂದಲೂ ಇದೆ. ಈಗ ಅಲ್ಲಿಯೇ ಕ್ರಮಸಂಖ್ಯೆ, ವಾರಂಟಿ ಮುಗಿಯುವ ದಿನ, ಅನುದಾನದ ಹೆಸರು ಸೇರಿಸುತ್ತಿದ್ದೇವೆ. ಅವಿಲ್ಲದ ಬಿಲ್ ಲೆಕ್ಕಪತ್ರ ಶಾಖೆಗೆ ಹೋಗುವುದಿಲ್ಲ. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಸಮಾಧಾನ ತಂದ ಬದಲಾವಣೆ ಇದು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ನಿಂತಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಹಾಗೆಂದು ಅವನ್ನು ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿ, ಲಿನಕ್ಸ್ ಸ್ಥಾಪಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತಿದ್ದೇವೆ.

ನಿಜವಾಗಿಯೂ ಹೋಗಬೇಕಾದವುಗಳ ಡಿಸ್ಕ್ ಅಳಿಸುವ ಕೆಲಸ ನಡೆದಿದೆ. ಅವುಗಳಲ್ಲಿ ವಿದ್ಯಾರ್ಥಿಗಳ ಅಂಕಪಟ್ಟಿ, ಆಧಾರ್ ಪ್ರತಿಗಳಿವೆ. ಫಾರ್ಮ್ಯಾಟ್ ಮಾಡಿದರೆ ಸಾಲದು. ತಿರುಗುವ ಡಿಸ್ಕ್‌ಗಳ ಮೇಲೆ ‘ಎನ್‌ವೈಪ್’ ಎಂಬ ತಂತ್ರಾಂಶದಿಂದ ಹಳೆಯ ಮಾಹಿತಿ ಪೂರ್ತಿ ಮುಚ್ಚುವಂತೆ ಹೊಸದು ಬರೆಯುತ್ತೇವೆ. ಎಸ್‌ಎಸ್‌ಡಿ ತನ್ನೊಳಗೆ ಮಾಹಿತಿಯ ಜಾಗ ಬದಲಿಸುತ್ತಿರುವುದರಿಂದ ಅದಕ್ಕೆ ಈ ಉಪಾಯ ನೆಚ್ಚುವಂಥದ್ದಲ್ಲ. ಅದರದೇ ಅಳಿಸುವ ಆಜ್ಞೆ ಬೇಕು. ಸತ್ತ ಡಿಸ್ಕ್‌ಗೆ ಡ್ರಿಲ್.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ವರ್ಷದಲ್ಲಿ ಕನಿಷ್ಠ ಸಾವಿರ ವಿದ್ಯುತ್-ಎಲೆಕ್ಟ್ರಾನಿಕ್ ಉಪಕರಣ ಬಳಸುವ ಸಂಸ್ಥೆ ಸಗಟು ಬಳಕೆದಾರ. ಅದು ತನ್ನ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕರು, ನವೀಕರಿಸುವವರು ಅಥವಾ ಮರುಬಳಕೆ ಘಟಕದವರಿಗೇ ಒಪ್ಪಿಸಬೇಕು. ಹೆಚ್ಚು ಬೆಲೆ ಕೂಗುವ ಗುಜರಿಯವರಿಗೆ ಕೊಡುವಂತಿಲ್ಲ. ತಾಮ್ರಕ್ಕಾಗಿ ತಂತಿ ಸುಡುವ ಹೊಗೆಯನ್ನು ಕಂಡವರಿಗೆ ಈ ನಿಯಮದ ಅಗತ್ಯ ವಿವರಿಸಬೇಕಿಲ್ಲ. ಯುಪಿಎಸ್ ಬ್ಯಾಟರಿಗಳಿಗೆ 2022ರ ಪ್ರತ್ಯೇಕ ನಿಯಮವಿದೆ. ಅವನ್ನು ಬೇರೆಯೇ ಇಟ್ಟಿದ್ದೇವೆ.

ಮುಂದಿನ ಸರದಿ ಹಳೆಯ ಸಿಆರ್‌ಟಿ (ದಪ್ಪ ಗಾಜಿನ ಕೊಳವೆಯ) ಮಾನಿಟರ್‌ಗಳದು. ಗಾಜಿನಲ್ಲಿ ಸೀಸವಿರುವುದರಿಂದ ಒಡೆಯದಂತೆ ಸಾಗಿಸಬೇಕು. ಮರುಬಳಕೆ ಘಟಕದವರಿಂದ ದರಪಟ್ಟಿ ಕೇಳಿದ್ದೇವೆ.