ಮಿರಜಿನ ಮಿಶನ್ ದವಾಖಾನೆ

ಬೆಳಗಾವಿಯಿಂದ ಮಿರಜಿಗೆ ಹೋಗುವ ರೈಲಿನಲ್ಲಿ ಎಕ್ಸ್‌ರೇ ಲಕೋಟೆ ಹಿಡಿದು ಕೂತವರು ಜಾಸ್ತಿ. ಘಟಪ್ರಭಾದಲ್ಲಿ ಒಂದಿಷ್ಟು ಜನ ಹತ್ತುತ್ತಾರೆ, ರಾಯಬಾಗದಲ್ಲಿ ಇನ್ನೊಂದಿಷ್ಟು, ಕುಡಚಿಯಲ್ಲಿ ಮತ್ತಷ್ಟು. ಕೈಯಲ್ಲಿ ಔಷಧಿ ಚೀಟಿಗಳ ಫೈಲು, ಬುತ್ತಿ ಗಂಟು, ಜೊತೆಗೆ ಒಬ್ಬರು ಹಿರಿಯರು. ಎಲ್ಲಿಗೆ ಹೊರಟಿರಿ ಅಂದರೆ "ಮಿರಜಿಗ್ರಿ, ತೋರಿಸ್ಕೊಂಡ್ ಬರಾಕ" ಅನ್ನುತ್ತಾರೆ. ಏನು ತೋರಿಸೋಕೆ ಅಂತ ಯಾರೂ ಕೇಳುವುದಿಲ್ಲ. ಅಥಣಿ, ಚಿಕ್ಕೋಡಿ, ಜಮಖಂಡಿ ಕಡೆಯವರಿಗೆ ಮಿರಜ ಅಂದರೆ ದವಾಖಾನೆ.

ಈ ಊರು ಹೀಗೆ ಆದದ್ದು ಹೇಗೆ ಅಂತ ನನಗೆ ಬಹಳ ದಿನದಿಂದ ಕುತೂಹಲ. ಅದಕ್ಕೇ ಈ ಸಲ ರೋಗಿಯ ಜೊತೆಗಲ್ಲ, ಸುಮ್ನೆ ನೋಡೋಕೆ ಅಂತಲೇ ಹೊರಟೆ.

ಕುಡಚಿ ದಾಟಿದರೆ ಕೃಷ್ಣಾ ಹೊಳೆಯ ಸೇತುವೆ. ಆಮೇಲೆ ಉಗಾರ, ಶೇಡಬಾಳ, ಎರಡೂ ಬದಿಗೆ ಕಬ್ಬು. ರಾಜ್ಯದ ಗಡಿ ದಾಟಿ ಮಹಾರಾಷ್ಟ್ರ ಯಾವಾಗ ಬಂತು ಅಂತ ಗೊತ್ತಾಗುವುದು ಸ್ಟೇಷನ್ನಿನ ಬೋರ್ಡು ನೋಡಿದಾಗ ಮಾತ್ರ. ಡಬ್ಬಿಯೊಳಗಿನ ಮಾತು ಬದಲಾಗುವುದಿಲ್ಲ. ಮಿರಜಿನಲ್ಲಿ ಇಳಿದ ಮೇಲೂ ಕಿವಿಗೆ ಕನ್ನಡ ಬೀಳುತ್ತದೆ. ಆಟೋದವರು ನಮ್ಮ ಮುಖ ನೋಡಿಯೇ "ಎಲ್ಲಿಗ್ರಿ?" ಅನ್ನುತ್ತಾರೆ.

ಮಿರಜ ದೊಡ್ಡ ಜಂಕ್ಷನ್. ಹಿಂದೆ ಬ್ರಾಡ್ ಗೇಜ್, ಮೀಟರ್ ಗೇಜ್, ನ್ಯಾರೋ ಗೇಜ್ ಮೂರೂ ಹಳಿಗಳು ಇಲ್ಲಿ ಸೇರುತ್ತಿದ್ದವು. ಈ ರೈಲಿಗೂ ದವಾಖಾನೆಗೂ ಗಟ್ಟಿ ಸಂಬಂಧ ಇದೆ. ಮಿರಜಿಗೆ ರೈಲು ಬಂದ ಕೆಲವೇ ವರ್ಷಗಳಲ್ಲಿ ಆಸ್ಪತ್ರೆಯೂ ಎದ್ದಿತು. ಅದನ್ನು ಕಟ್ಟಲು ಹಣ ಕೊಟ್ಟವರು ಜಾನ್ ಕಾನ್ವರ್ಸ್. ಫಿಲಡೆಲ್ಫಿಯಾದಲ್ಲಿ ರೈಲು ಎಂಜಿನ್ ತಯಾರಿಸುತ್ತಿದ್ದ ಬಾಲ್ಡ್‌ವಿನ್ ಕಂಪನಿಯ ದೊಡ್ಡ ಮನುಷ್ಯ. ಜಾಗ ಕೊಟ್ಟವರು ಮಿರಜಿನ ಪಟವರ್ಧನ ಸಂಸ್ಥಾನಿಕರು. ಕಟ್ಟಿದವರು ಡಾಕ್ಟರ್ ವಿಲಿಯಂ ವಾನ್ಲೆಸ್.

ವಾನ್ಲೆಸ್ ಹುಟ್ಟಿದ್ದು 1865ರಲ್ಲಿ, ಕೆನಡಾದಲ್ಲಿ. ನ್ಯೂಯಾರ್ಕಿನಲ್ಲಿ ಡಾಕ್ಟರಿ ಓದಿ, ಅಮೆರಿಕದ ಪ್ರೆಸ್ಬಿಟೇರಿಯನ್ ಕ್ರೈಸ್ತ ಮಿಶನ್ ಕಡೆಯಿಂದ 1889ರಲ್ಲಿ ಭಾರತಕ್ಕೆ ಬಂದರು. ಜೊತೆಗೆ ಹೆಂಡತಿ ಮೇರಿ. ಮೊದಲು ಪಕ್ಕದ ಸಾಂಗಲಿಯಲ್ಲಿ ಚಿಕ್ಕ ಔಷಧಾಲಯ. ಆಮೇಲೆ ಮಿರಜ. 1894ರಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು. 1928ರವರೆಗೂ ಅವರು ಇಲ್ಲೇ ಇದ್ದರು. ಇಪ್ಪತ್ತನಾಲ್ಕು ವರ್ಷದ ಹುಡುಗ ಬಂದ, ಅರವತ್ತು ದಾಟಿದ ಮುದುಕರಾಗಿ ಹೋದರು.

ಈಗ ಆ ಆವರಣದಲ್ಲಿ ಹಿಂದಿನ ಗದ್ದಲ ಇಲ್ಲ. ಊರಿನ ತುಂಬ ಹೊಸ ಆಸ್ಪತ್ರೆಗಳಿವೆ, ಜನ ಅಲ್ಲಿ ಸೇರುತ್ತಾರೆ. ಆದರೂ ಹಳೆಯ ಕಟ್ಟಡಗಳು, ದೊಡ್ಡ ಮರಗಳು, ಆ ವಿಶಾಲ ಅಂಗಳ ನೋಡಿದಾಗ ಒಂದು ಕಾಲದಲ್ಲಿ ಇಲ್ಲಿ ಎಷ್ಟು ಜನ ಉಸಿರು ಹಿಡಿದು ಕಾದಿರಬೇಕು ಅನ್ನಿಸಿತು. ನನಗೆ ಗಂಟಲು ಕಟ್ಟಿತು. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ "ಮಿಶನ್ ದವಾಖಾನ್ಯಾಗ ಉಳಕೊಂಡ ಜೀವ" ಅನ್ನುವ ಮಾತು ಇದೆಯಲ್ಲ!

ಪರಿಚಯದವರ ಮೂಲಕ ಒಬ್ಬ ನಿವೃತ್ತ ನರ್ಸಮ್ಮ ಸಿಕ್ಕರು. ಜತ್ತ ತಾಲೂಕಿನವರು. ಕನ್ನಡ ಶಾಲೆಯಲ್ಲಿ ಕಲಿತು, 1960ರ ದಶಕದಲ್ಲಿ ಇಲ್ಲಿಗೆ ನರ್ಸಿಂಗ್ ತರಬೇತಿಗೆ ಬಂದವರು. ವಾನ್ಲೆಸ್ ಅವರನ್ನು ಅವರು ಕಂಡಿಲ್ಲ. ಆದರೆ ವಾನ್ಲೆಸ್ ಕಾಲದ ಶಿಸ್ತನ್ನು ಕಂಡಿದ್ದಾರೆ.

"ಮುಂಜಾನಿ ಘಂಟಿ ಬಾರಿಸಿದ್ರ ಏಳಲೇಬೇಕ್ರಿ. ಹಾಸಗಿ ಮಡಚೂದು, ಜಳಕ, ಪ್ರಾರ್ಥನಾ, ಆಮ್ಯಾಲ ವಾರ್ಡು. ರಾತ್ರಿ ಪಾಳಿ ಅಕ್ಕಾ ಒಂದೊಂದು ಪೇಶಂಟಿಂದೂ ವರದಿ ಹೇಳಾಕಿ. ನಿಂತ ಕೇಳಬೇಕು, ಬರಕೋಬೇಕು."

ಆಮೇಲೆ ಹಾಸಿಗೆ ಬಟ್ಟೆ ಬದಲಾಯಿಸುವುದು. ಮೂಲೆಯ ಮಡಿಕೆ ಸರಿ ಇಲ್ಲದಿದ್ದರೆ ಮತ್ತೆ ಬಿಚ್ಚಿ ಹಾಕಬೇಕಿತ್ತಂತೆ. ಜ್ವರ ನೋಡಿ ಚಾರ್ಟ್ ತುಂಬುವುದು, ಗಾಯ ತೊಳೆಯುವುದು, ಬೆಡ್‌ಪ್ಯಾನ್, ಸೂಜಿ ಕುದಿಸುವುದು. "ಒಮ್ಮೆ ಬಳಸಿ ಒಗಿಯೂ ಸೂಜಿ ಆಗ ಇರ್ಲಿಲ್ರಿ. ಕುದಿಸಿ ಕುದಿಸಿ ಅದನ್ನ ಬಳಸೂದು."

ಒಂದು ವಿಷಯ ಹೇಳುವಾಗ ಅವರ ಮುಖ ಅರಳಿತು. ವಾರ್ಡಿನಲ್ಲಿ ಕನ್ನಡದ ರೋಗಿಗಳು ಬಹಳ. ಜೊತೆಗಿದ್ದ ಹುಡುಗಿಯರು ಕೇರಳದವರು, ಮರಾಠಿಯವರು. ಅವರಿಗೆ ಇವರೇ ಮೇಡಂ. "ಎಲ್ಲಿ ನೋಯ್ತದ? ಉಂಡ್ರೇನು? ಹೆದರಬ್ಯಾಡ್ರಿ. ಇಷ್ಟ ಎಲ್ಲಾರಿಗೂ ಕಲಿಸಿದ್ದೆ. ಇಷ್ಟ ಸಾಕಾಗತಿತ್ತು." ಬೇನೆಯಲ್ಲಿ ಮಲಗಿದ ಮುದುಕಿಗೆ ತನ್ನ ಮಾತಿನಲ್ಲಿ ಒಬ್ಬರು "ಹೆದರಬ್ಯಾಡ್ರಿ" ಅಂದರೆ ಎಷ್ಟು ಧೈರ್ಯ ಬರುತ್ತದೆ ಅಲ್ವಾ? ಈಗಿನ ದೊಡ್ಡ ಆಸ್ಪತ್ರೆಗಳಲ್ಲಿ ಈ ಕೆಲಸವನ್ನು ಯಾರು ಮಾಡುತ್ತಾರೆ ಅಂತ ನಾನು ಆಮೇಲೆ ಬಹಳ ಹೊತ್ತು ಯೋಚಿಸಿದೆ.

ವಾನ್ಲೆಸ್ ಅವರ ದಿನ ಇನ್ನೂ ಕಠಿಣ. ಅವರು ಶಸ್ತ್ರಚಿಕಿತ್ಸಕರು. ಕಣ್ಣಿನ ಪೊರೆ, ಮೂತ್ರಕೋಶದ ಕಲ್ಲು, ಗಡ್ಡೆಗಳು ಅವರ ನಿತ್ಯದ ಕೆಲಸ. ಆಗ ಪೆನ್ಸಿಲಿನ್ ಇಲ್ಲ. ಅದನ್ನು ಫ್ಲೆಮಿಂಗ್ ಕಂಡುಹಿಡಿದದ್ದೇ 1928ರಲ್ಲಿ, ವಾನ್ಲೆಸ್ ಮಿರಜ ಬಿಟ್ಟ ವರ್ಷ. ಗಾಯ ಕೀವಾಗದಂತೆ ಕಾಯಬೇಕಾದರೆ ಸ್ವಚ್ಛತೆ ಒಂದೇ ದಾರಿ. ನರ್ಸಮ್ಮ ಹೇಳಿದ ಕುದಿಸುವುದು, ತೊಳೆಯುವುದು, ಮಡಿಕೆ ಸರಿ ಮಾಡುವುದು, ಇವೆಲ್ಲ ಬರೀ ಶಿಸ್ತಲ್ಲ, ಜೀವ ಉಳಿಸುವ ಕೆಲಸವೇ ಅದು.

ಪೊರೆ ತೆಗೆಸಿಕೊಂಡವರ ಪಾಡು ಈಗಿನವರಿಗೆ ಗೊತ್ತಿಲ್ಲ. ಈಗ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುತ್ತೇವೆ. ಆಗ ಕಣ್ಣೊಳಗೆ ಹೊಸ ಲೆನ್ಸ್ ಇಡುವ ವಿದ್ಯೆಯೇ ಇರಲಿಲ್ಲ. ಪೊರೆ ತೆಗೆದು, ಕಣ್ಣಿಗೆ ಪಟ್ಟಿ ಕಟ್ಟಿ, ದಿನಗಟ್ಟಲೆ ಅಲ್ಲಾಡದೆ ಮಲಗಿಸುತ್ತಿದ್ದರು. ಕೆಮ್ಮಿದರೂ ಭಯ. ಕತ್ತಲಲ್ಲಿ ಮಲಗಿದ ಆ ರೈತನಿಗೆ ನೀರು ಕುಡಿಸುವವರು, ಮಗ್ಗುಲಲ್ಲಿ ಕೂತು ಮಾತಾಡಿಸುವವರು ಬೇಕಿತ್ತು. ಪಟ್ಟಿ ಬಿಚ್ಚಿದ ಮೇಲೆ ದಪ್ಪ ಗಾಜಿನ ಕನ್ನಡಕ. ಅಷ್ಟಾದರೂ ಕುರುಡನಾಗಿ ಬಂದವನು ದಾರಿ ನೋಡಿಕೊಂಡು ಊರಿಗೆ ಹೋಗುತ್ತಿದ್ದ. ಆ ಸುದ್ದಿ ಊರೂರಿಗೆ ಹಬ್ಬದೆ ಇರುತ್ತದೆಯೇ?

ಆದರೆ ನನಗೆ ವಾನ್ಲೆಸ್ ಅವರ ಮೇಲೆ ಹೆಚ್ಚು ಗೌರವ ಬರುವುದು ಶಸ್ತ್ರಚಿಕಿತ್ಸೆಗಳಿಂದಲ್ಲ. 1897ರಲ್ಲಿ ಅವರು ಇಲ್ಲೇ ವೈದ್ಯಶಾಲೆ ಶುರು ಮಾಡಿದರು. ಆಸ್ಪತ್ರೆ ತೆರೆದು ಮೂರೇ ವರ್ಷ ಆಗಿತ್ತು. ಒಬ್ಬ ಡಾಕ್ಟರ್ ಎಷ್ಟು ಜನರನ್ನು ನೋಡಬಹುದು? ರೈಲು ದಿನವೂ ರೋಗಿಗಳನ್ನು ತಂದು ಇಳಿಸುತ್ತಿತ್ತು, ಎತ್ತಿನ ಗಾಡಿಗಳೂ ಬರುತ್ತಿದ್ದವು. ತಾನು ಮಾಡುತ್ತಿದ್ದ ಕೆಲಸವನ್ನು ಇಲ್ಲಿಯ ಹುಡುಗರಿಗೆ ಕಲಿಸುವುದೇ ದಾರಿ ಅಂತ ಅವರು ಬೇಗನೆ ಕಂಡುಕೊಂಡರು. ಬೆಳಿಗ್ಗೆ ಕತ್ತರಿ ಹಿಡಿದು, ಆಮೇಲೆ ಪಾಠ ಹೇಳಿ, ಮತ್ತೆ ವಾರ್ಡು ಸುತ್ತುವುದು ಸುಲಭವಲ್ಲ. ಹಾಗೆ ಕಲಿತವರು ದೇಶದ ಬೇರೆ ಬೇರೆ ಮಿಶನ್ ಆಸ್ಪತ್ರೆಗಳಿಗೆ ಹೋದರು. ನಮ್ಮ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಆದದ್ದು 1957ರಲ್ಲಿ, ಬೆಳಗಾವಿಯಲ್ಲಿ 1963ರಲ್ಲಿ. ಅವಕ್ಕಿಂತ ಎಷ್ಟು ಮೊದಲು ಈ ಕೆಲಸ ಇಲ್ಲಿ ನಡೆದಿತ್ತು ನೋಡಿ. ಮಿರಜಿಗೇ 1962ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಮಿಶನ್ ಆಸ್ಪತ್ರೆ ಹಾಕಿದ ಬುನಾದಿ ಇಲ್ಲದಿದ್ದರೆ ಅಷ್ಟು ಚಿಕ್ಕ ಊರಿಗೆ ಕಾಲೇಜು ಬರುವುದು ಕಷ್ಟವಿತ್ತು.

ಮತಾಂತರದ ಪ್ರಶ್ನೆ ಬಂದೇ ಬರುತ್ತದೆ. ನಾನು ನರ್ಸಮ್ಮನನ್ನು ನೇರವಾಗಿಯೇ ಕೇಳಿದೆ. ಅವರು ಇವತ್ತಿಗೂ ಮನೆಯಲ್ಲಿ ಲಿಂಗಪೂಜೆ ಮಾಡುವವರು. "ದಿನಾ ಪ್ರಾರ್ಥನಾಕ್ಕ ಕುಂತೇನ್ರಿ. ಹಾಡು ಹಾಡೇನಿ. ನೀ ಬದಲಾಗು ಅಂತ ನನಗ ಯಾರೂ ಅನಲಿಲ್ಲ" ಅಂದರು. ಅದು ಅವರ ಕಾಲದ ಮಾತು, ಅವರ ಅನುಭವ. ವಾನ್ಲೆಸ್ ಮಾತ್ರ ಮಿಶನರಿಯಾಗಿಯೇ ಬಂದವರು. ಕ್ರಿಸ್ತನ ಸುವಾರ್ತೆ ಹೇಳುವುದೂ ರೋಗ ವಾಸಿ ಮಾಡುವುದೂ ಅವರಿಗೆ ಒಂದೇ ಸೇವೆಯ ಎರಡು ಕೈ. ಅದನ್ನು ಅವರು ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ಬಂದ ಜನ ಅವರು ಓದಿದ ಸುವಾರ್ತೆ ಕೇಳಿದರು, ಔಷಧಿ ತಗೊಂಡರು, ಹೆಚ್ಚಿನವರು ತಮ್ಮ ದೇವರಿಗೆ ಕಾಯಿ ಒಡೆದು ಹರಕೆ ತೀರಿಸಿದರು. ವಾನ್ಲೆಸ್ ಅವರ ನಂಬಿಕೆ ನನ್ನದಲ್ಲ. ಆದರೆ ಅಷ್ಟು ದೂರದಿಂದ ಬಂದು ಅಷ್ಟು ವರ್ಷ ನಮ್ಮವರ ಕೀವು ತೊಳೆದದ್ದು ಆ ನಂಬಿಕೆಯ ಬಲದಿಂದಲೇ. ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಮಧ್ಯಾಹ್ನ ಮೀರಾಸಾಹೇಬರ ದರ್ಗಾಕ್ಕೆ ಹೋಗಿ ಬಂದೆ. ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನರ ಸಮಾಧಿ ಅಲ್ಲಿದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಹೊರಗೆ ಪೇಟೆಯಲ್ಲಿ ಸಿತಾರ, ತಂಬೂರಿ ಮಾಡುವ ಅಂಗಡಿಗಳು. ಇದನ್ನು ಬರೆಯೋಕೆ ಇನ್ನೊಂದು ಲೇಖನವೇ ಬೇಕು.

ಸಂಜೆ ಸಾಂಗಲಿ ರಸ್ತೆಯಲ್ಲಿ ವಾನ್ಲೆಸ್‌ವಾಡಿಗೆ ಹೋದೆ. ಹೌದು, ಅವರ ಹೆಸರಿನಲ್ಲಿ ಒಂದು ಊರೇ ಇದೆ. ಇಲ್ಲಿ ಕ್ಷಯರೋಗಿಗಳಿಗಾಗಿ ಸ್ಯಾನಿಟೋರಿಯಂ ಇತ್ತು. ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ. ಅದಕ್ಕೂ ಮೊದಲು ಬಿಸಿಲು, ಗಾಳಿ, ಒಳ್ಳೆಯ ಊಟ, ವಿಶ್ರಾಂತಿ ಇಷ್ಟೇ ಚಿಕಿತ್ಸೆ. ಮನೆಯವರೇ ದೂರ ಇಡುತ್ತಿದ್ದ ರೋಗ ಅದು. ಕುಷ್ಠರೋಗಿಗಳಿಗೂ ಮಿರಜಿನಲ್ಲಿ ಬೇರೆ ಆಸ್ಪತ್ರೆ ಆಯಿತು, ರಿಚರ್ಡ್‌ಸನ್ ಹೆಸರಿನದು. ಯಾರನ್ನು ಊರು ಹೊರಗೆ ಹಾಕುತ್ತಿತ್ತೋ ಅವರನ್ನು ಇವರು ಒಳಗೆ ಕರೆದರು. 1928ರಲ್ಲಿ ಬ್ರಿಟಿಷ್ ಸರ್ಕಾರ ವಾನ್ಲೆಸ್ ಅವರಿಗೆ ಸರ್ ಪದವಿ ಕೊಟ್ಟಿತು. 1933ರಲ್ಲಿ ಅವರು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ವಾನ್ಲೆಸ್ ತಮ್ಮ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಾರೆ. ಆದರೆ ಆ ಹಾಸಿಗೆಗಳ ಮೇಲೆ ಮಲಗಿದ್ದ ನಮ್ಮ ಅಜ್ಜ ಅಜ್ಜಿಯರ ಮಾತು, ಅವರನ್ನು ನೋಡಿಕೊಂಡ ಈ ನರ್ಸಮ್ಮಂದಿರ ಮಾತು ಎಲ್ಲಿ ದಾಖಲಾಗಿದೆ? ನಾನು ಭೇಟಿಯಾದ ನರ್ಸಮ್ಮನಿಗೆ ವಯಸ್ಸಾಗಿದೆ. ಅವರ ಜೊತೆ ಕಲಿತವರಲ್ಲಿ ಕೆಲವರು ಜತ್ತದಲ್ಲಿ, ಕೆಲವರು ವಿಜಯಪುರ ಕಡೆ ಇದ್ದಾರಂತೆ. ಬೆಳಗಾವಿ, ವಿಜಯಪುರದ ಕಾಲೇಜು ಹುಡುಗರು ಒಂದು ಮೊಬೈಲ್ ಹಿಡಿದು ಹೋದರೂ ಸಾಕು, ಅವರು ಕೂತು ಎಲ್ಲ ಹೇಳುತ್ತಾರೆ. ನಾನು ಅವರ ಮಾತನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದೇನೆ. ಜತ್ತದಲ್ಲಿರುವ ಅವರ ಗೆಳತಿಯ ವಿಳಾಸವನ್ನೂ ಕೊಟ್ಟಿದ್ದಾರೆ. ಮುಂದಿನ ಸಲ ಅಲ್ಲಿಗೆ ಹೋಗುತ್ತೇನೆ.