ಮೂಲೆಯ ಕೋವಿ

ಗ್ರಾಮಸಭೆಗೆ ಹೋಗಿದ್ದು ರಸ್ತೆ ಗುಂಡಿ ಬಗ್ಗೆ ಕೇಳೋಣ ಅಂತ. ಅಲ್ಲಿ ಪೊಲೀಸರೊಬ್ಬರು ಎದ್ದು ಕೋವಿ ವಿಷಯ ಶುರು ಮಾಡಿದರು. ಅರ್ಧ ಜನ ಮೊಬೈಲ್ ನೋಡುತ್ತಾ ಕೂತರು, ನಾನೂ ಅದರಲ್ಲಿ ಒಬ್ಬ. ಕೊಡಗಿನವರಿಗೆ ಕೋವಿ ಪಾಠ ಬೇಕಾ, ಅಲ್ವಾ?

ಆಗ ಅವರು ಒಂದೇ ಪ್ರಶ್ನೆ ಕೇಳಿದರು. 'ನಿಮ್ಮ ಮನೆಯಲ್ಲಿ ಕೋವಿ ಎಲ್ಲಿದೆ, ತೋಟಾ ಎಲ್ಲಿದೆ?'

ನಮ್ಮ ಮನೆಯಲ್ಲಿ ಎರಡೂ ಒಂದೇ ಬೀರುವಿನಲ್ಲಿ. ಬೀಗದ ಕೈ ಬೀರುವಿನ ಮೇಲೆಯೇ. ಅಕ್ಕನ ಮಗನಿಗೆ ಈಗ ಏಳು ವರ್ಷ. ಕುರ್ಚಿ ಎಳೆದು ಹತ್ತುವುದರಲ್ಲಿ ಅವನು ಎತ್ತಿದ ಕೈ.

ಕೊಡವರಿಗೂ ಜಮ್ಮಾ ಭೂಮಿ, ಅಂದರೆ ಕೊಡಗಿನ ವಂಶಪಾರಂಪರ್ಯದ ಹಿಡುವಳಿ, ಇರುವವರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಸರಿ, ಆದರೆ ವಿನಾಯಿತಿ ಕಾಗದಕ್ಕೆ, ಕೋವಿಯ ಗುಂಡಿಗಲ್ಲವಲ್ಲ. ಕತ್ತಲಲ್ಲಿ ಹಂದಿ ಅಂದುಕೊಂಡು ಮನುಷ್ಯನಿಗೆ ಹೊಡೆದ ಸುದ್ದಿ ನಾವು ಓದಿಲ್ಲವಾ?

ಮನೆಗೆ ಬಂದು ತೋಟಾ ಬೇರೆ ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ. ಅಜ್ಜನಿಗೆ ಸಿಟ್ಟು ಬಂತು. 'ಕಳ್ಳ ಬಂದರೆ ಎರಡು ಬೀಗ ತೆಗೆಯೋವರೆಗೆ ಕಾಯ್ತಾನಾ?' ಅಂದರು. ಉತ್ತರ ಹೊಳೆಯಲಿಲ್ಲ, ಸುಮ್ನೆ ನಕ್ಕೆ.

ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ ಒರೆಸಿ, ತೋಕ್‌ಪೂ ಅನ್ನೋ ಹೂ ಸಿಕ್ಕಿಸಿ ಪೂಜೆಗೆ ಇಡುವುದು ಅವರೇ. ಈ ಸಲ ನಳಿಗೆ ಖಾಲಿ ಇದೆಯಾ ಅಂತ ನೋಡುವ ಕೆಲಸ ನನಗೆ ಕೊಟ್ಟಿದ್ದಾರೆ. ಎರಡು ಸಲ ನೋಡಬೇಕಂತೆ. ರಸ್ತೆ ಗುಂಡಿ ಇನ್ನೂ ಹಾಗೇ ಇದೆ.