ಅಪ್ಪ ಅಮ್ಮನ ಜೊತೆ ಮೊದಲ ವಿಯೆಟ್ನಾಂ ಟ್ರಿಪ್: ಪೂರ್ತಿ ದೇಶ ಬೇಡ, ಮಧ್ಯದ ಜಾಗ ಸಾಕು

ಉತ್ತರದ ಹನೋಯ್ ಬೇಡ, ದಕ್ಷಿಣದ ಹೋ ಚಿ ಮಿನ್ ಸಿಟಿನೂ ಬೇಡ, ಈ ಸಲ ಮಧ್ಯದ ಕರಾವಳಿಯ ಡಾ ನಾಂಗ್ ಮತ್ತೆ ಹೋಯಿ ಆನ್ ಅಷ್ಟೇ. ಮನೇಲಿ ಎಷ್ಟೋ ರಾತ್ರಿ ಊಟ ಆದ್ಮೇಲೆ ಕೂತು ಮಾತಾಡಿ ಕೊನೆಗೆ ಇದಕ್ಕೆ ಬಂದು ನಿಂತಿದೀವಿ. ಅಪ್ಪ ಅಮ್ಮ ಇಬ್ರೂ ಇದುವರೆಗೂ ವಿಮಾನ ಹತ್ತಿದೋರಲ್ಲ, ನನಗೂ ಅಕ್ಕಂಗೂ ಹೊರದೇಶ ಇದೇ ಮೊದಲು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಕಡೆಯಿಂದ ಈಗ ತುಂಬಾ ಜನ ಥೈಲ್ಯಾಂಡು ಬಾಲಿ ವಿಯೆಟ್ನಾಂ ಅಂತ ಹೊರಡ್ತಿದಾರೆ, ಅದರಲ್ಲಿ ವಯಸ್ಸಾದೋರನ್ನ ಕರ್ಕೊಂಡು ಹೋಗೋರಿಗೆ ನಾವು ಹುಡುಕಿ ತಿಳ್ಕೊಂಡಿದ್ದು ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದಲು ನೋಡಿದ ಪ್ಯಾಕೇಜ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇದ್ವು, ಹನೋಯ್‌ನಲ್ಲಿ ಇಳಿ, ಹಾ ಲಾಂಗ್ ಬೇನಲ್ಲಿ ಹಡಗಲ್ಲಿ ಒಂದು ರಾತ್ರಿ ಮಲಗು, ಮತ್ತೆ ಫ್ಲೈಟ್ ಹತ್ತಿ ಡಾ ನಾಂಗ್, ಅಲ್ಲಿಂದ ಮತ್ತೆ ಫ್ಲೈಟ್ ಹತ್ತಿ ಹೋ ಚಿ ಮಿನ್ ಸಿಟಿ, ಎಲ್ಲಾ ಒಂದು ವಾರದೊಳಗೆ. ಮ್ಯಾಪ್‌ನಲ್ಲಿ ನೋಡಿದ್ರೆ ದೇಶ ಸಣ್ಣಕ್ಕೆ ಉದ್ದಕ್ಕೆ ಇದೆ, ಆ ಉದ್ದ ಎಷ್ಟು ಅಂತ ಗೊತ್ತಾಗಬೇಕಂದ್ರೆ ಹನೋಯ್‌ನಿಂದ ಹೋ ಚಿ ಮಿನ್ ಸಿಟಿಗೆ ರೈಲು ಹಳಿ 1726 ಕಿಲೋಮೀಟರ್, ರೈಲಲ್ಲಿ ಕೂತ್ರೆ 30 ಗಂಟೆ ಮೇಲೇ ಬೇಕು. ಅಮ್ಮಂಗೆ ಮಂಡಿ ನೋವಿದೆ, ದಿನಾ ಬೆಳಿಗ್ಗೆ ಎದ್ದು ಬ್ಯಾಗ್ ಕಟ್ಟಿ ಬಸ್ ಹತ್ತೋದು ಅಂದ್ರೆ ಅವರು ನೋಡೋದೇನು, ಬರೀ ಏರ್‌ಪೋರ್ಟು ಹೋಟೆಲ್ ಲಾಬಿ ಅಷ್ಟೇ. ನನಗೆ ಅನ್ಸೋ ಪ್ರಕಾರ ಈ ಪ್ಯಾಕೇಜ್‌ಗಳು ಚಿಕ್ಕ ವಯಸ್ಸಿನೋರನ್ನ ತಲೇಲಿಟ್ಟುಕೊಂಡು ಮಾಡಿರೋದು.

ಆದ್ರೆ ನಮ್ಮ ಡಿಸಿಷನ್‌ಗೆ ಇನ್ನೂ ದೊಡ್ಡ ಕಾರಣ ಮಳೆ. ವಿಯೆಟ್ನಾಂ ಪೂರ್ತಿಗೆ ಒಂದೇ ಸೀಸನ್ ಅಂತ ಇಲ್ವೇ ಇಲ್ಲ. ಹನೋಯ್ ಕಡೆ, ಹೋ ಚಿ ಮಿನ್ ಕಡೆ ಮಳೆ ಬರೋದು ಹೆಚ್ಚುಕಮ್ಮಿ ಮೇನಿಂದ ಅಕ್ಟೋಬರ್‌ವರೆಗೆ, ಆದ್ರೆ ಮಧ್ಯದ ಕರಾವಳಿ, ಅಂದ್ರೆ ಹ್ವೆ, ಡಾ ನಾಂಗ್, ಹೋಯಿ ಆನ್, ಇಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮಳೆ, ಅಕ್ಟೋಬರ್ ನವೆಂಬರ್ ಅಂತೂ ತುಂಬಾ ಜೋರು. ಲಾವೋಸ್ ಗಡಿ ಉದ್ದಕ್ಕೂ ಟ್ರುವಾಂಗ್ ಸನ್ ಅಂತ ಬೆಟ್ಟದ ಸಾಲಿದೆ, ಜೂನ್ ಜುಲೈನಲ್ಲಿ ನೈರುತ್ಯದಿಂದ ಬರೋ ಮಳೆಯನ್ನ ಆ ಬೆಟ್ಟ ಆ ಕಡೆನೇ ಸುರಿಸ್ಕೊಂಡು ಬಿಡುತ್ತೆ, ಪಶ್ಚಿಮ ಘಟ್ಟ ದಾಟಿ ನಮ್ಮ ಜಿಲ್ಲೆಗೆ ಬರೋ ಹೊತ್ತಿಗೆ ಮೋಡದಲ್ಲಿ ಏನೂ ಉಳಿದಿರಲ್ವಲ್ಲ ಹಂಗೆ. ಆಮೇಲೆ ಗಾಳಿ ತಿರುಗಿ ಈಶಾನ್ಯದಿಂದ ಸಮುದ್ರದ ನೀರು ಹೊತ್ತು ಬಂದಾಗ ಅದೇ ಬೆಟ್ಟಕ್ಕೆ ಬಡಿದು ಈ ಕಡೆ ಕರಾವಳಿ ಮೇಲೆ ಬೀಳುತ್ತೆ, ಜೊತೆಗೆ ಚಂಡಮಾರುತಗಳೂ ಅದೇ ಟೈಮಲ್ಲೇ. 2025ರ ಅಕ್ಟೋಬರ್ ಕೊನೇಲಿ ಹೋಯಿ ಆನ್‌ನ ಹಳೇ ಪೇಟೆ ನೀರಲ್ಲಿ ಮುಳುಗಿದ್ದು ನ್ಯೂಸಲ್ಲಿ ನೋಡಿರ್ತೀರ. ನಮ್ಮಲ್ಲಿ ದಸರಾ ದೀಪಾವಳಿ ರಜಕ್ಕೇ ಎಲ್ರೂ ಟೂರ್ ಹಾಕೋದು, ಆ ಟೈಮಲ್ಲಿ ಡಾ ನಾಂಗ್‌ಗೆ ಟಿಕೆಟ್ ಕಮ್ಮಿಗೆ ಸಿಕ್ರೆ ಯಾಕೆ ಕಮ್ಮಿ ಅಂತ ಒಂದ್ಸಲ ಯೋಚನೆ ಮಾಡಿ ದಯವಿಟ್ಟು.

ಅಲ್ಲಿಗೆ ಒಳ್ಳೇ ತಿಂಗಳು ಫೆಬ್ರವರಿಯಿಂದ ಏಪ್ರಿಲ್, ಆಮೇಲೂ ಒಣಗಿರುತ್ತೆ ಆದ್ರೆ ಬಿಸಿಲು ಜಾಸ್ತಿ. ಅದರಲ್ಲೂ ಟೆಟ್ ಹಬ್ಬ ಬಿಟ್ಟು ಹೋಗಬೇಕು, ಅದು ಅವರ ಹೊಸ ವರ್ಷ, ಚಾಂದ್ರಮಾನ ಲೆಕ್ಕ, ಹೆಚ್ಚುಕಮ್ಮಿ ಜನವರಿ 20ರಿಂದ ಫೆಬ್ರವರಿ 20ರೊಳಗೆ ಯಾವಾಗಾದ್ರೂ ಬರುತ್ತೆ, ಆಗ ಜನ ಎಲ್ಲಾ ಅವರವರ ಊರಿಗೆ ಹೋಗ್ತಾರೆ, ಅಂಗಡಿ ಹೋಟೆಲ್ ತುಂಬಾ ಕಡೆ ಮುಚ್ಚಿರುತ್ತೆ, ರೈಲು ಬಸ್ಸು ಫುಲ್. ಹಂಗಾಗಿ ನಾವು ಮಾರ್ಚ್ ಇಟ್ಕೊಂಡ್ವಿ, ಯುಗಾದಿಗೆ ಮುಂಚೆ ವಾಪಸ್ ಬರೋ ಹಾಗೆ.

ಮಾರ್ಚ್‌ನಲ್ಲಿ ಯಾವ ವಾರ ಅಂತ ಫಿಕ್ಸ್ ಮಾಡಿದ್ದು ಅಮ್ಮ, ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ಕೊಂಡು. ಹೋಯಿ ಆನ್‌ನಲ್ಲಿ ಪ್ರತಿ ತಿಂಗಳೂ ಚಾಂದ್ರಮಾನದ 14ನೇ ದಿನ ರಾತ್ರಿ ಹಳೇ ಪೇಟೆಯ ಕರೆಂಟ್ ದೀಪ ಆರಿಸಿ ಬಟ್ಟೆ ಲಾಟೀನು ಹಚ್ತಾರೆ, ನದಿಗೆ ದೀಪ ಬಿಡ್ತಾರೆ. 14ನೇ ದಿನ ಅಂದ್ರೆ ನಮ್ಮ ಲೆಕ್ಕಕ್ಕೆ ಹತ್ತಿರ ಹತ್ತಿರ ಚತುರ್ದಶಿ. ಹೋಳಿ ಹುಣ್ಣಿಮೆ ಹಿಂದಿನ ರಾತ್ರಿ ಅಲ್ಲಿರೋ ಥರ ಅಮ್ಮ ಬೆರಳಿಟ್ಟು ತೋರಿಸಿದ್ರು, ಅಕ್ಕ ಅದನ್ನೇ ಅಲ್ಲಿನ ಕ್ಯಾಲೆಂಡರ್ ಜೊತೆ ತಾಳೆ ನೋಡಿ ಸರಿ ಮಾಡಿದ್ಲು, ಯಾಕಂದ್ರೆ ಒಂದು ದಿನ ಹಿಂದೆ ಮುಂದೆ ಆಗಬಹುದು. ಇದರಲ್ಲಿ ಇನ್ನೊಂದು ಅನುಕೂಲ ಇದೆ, ಅಲ್ಲಿ ಬೌದ್ಧರು ತುಂಬಾ ಜನ ತಿಂಗಳ ಮೊದಲನೇ ದಿನ ಮತ್ತೆ ಹುಣ್ಣಿಮೆ ದಿನ ಸಸ್ಯಾಹಾರ ತಿಂತಾರೆ, ಆ ದಿನ ವೆಜ್ ಊಟ ಹುಡುಕೋ ಕಷ್ಟ ಕಮ್ಮಿ.

ಇನ್ನು ಅಮ್ಮ ಈ ಟ್ರಿಪ್‌ಗೆ ಒಪ್ಪಿದ್ದೇ ಮೀ ಸನ್ ಇಂದ. ಶುರುನಲ್ಲಿ "ಅಷ್ಟು ದುಡ್ಡು ಹಾಕಿ ಸಮುದ್ರ ಪೇಟೆ ನೋಡ್ಕೊಂಡು ಬರೋದಾ, ನೀವಿಬ್ರೇ ಹೋಗಿ ಬನ್ನಿ" ಅಂತಿದ್ರು. ಹೋಯಿ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಬೆಟ್ಟಗಳ ಮಧ್ಯೆ ಮೀ ಸನ್ ಅಂತ ಜಾಗ ಇದೆ, ಹಿಂದೆ ಈ ಸೀಮೆ ಆಳಿದ ಚಾಮ್ ಜನರ ಚಂಪಾ ರಾಜ್ಯದ ರಾಜರು ಕಟ್ಟಿಸಿದ ಶಿವನ ದೇವಸ್ಥಾನಗಳು, ಕಲ್ಲಲ್ಲ, ಇಟ್ಟಿಗೆಯವು. 4ನೇ ಶತಮಾನದಲ್ಲಿ ಭದ್ರವರ್ಮ ಅನ್ನೋ ರಾಜ ಭದ್ರೇಶ್ವರ ಅಂತ ಶಿವನಿಗೆ ಅಲ್ಲಿ ಗುಡಿ ಕಟ್ಟಿಸಿದ, ಅದು ಸುಟ್ಟು ಹೋದ ಮೇಲೆ 7ನೇ ಶತಮಾನದಲ್ಲಿ ಶಂಭುವರ್ಮ ಮತ್ತೆ ಕಟ್ಟಿಸಿ ಶಂಭುಭದ್ರೇಶ್ವರ ಅಂತ ಇಟ್ಟ, ಹಂಗೇ 13ನೇ ಶತಮಾನದವರೆಗೂ ಒಬ್ಬರಾದ ಮೇಲೆ ಒಬ್ಬರು ಕಟ್ತಾನೇ ಬಂದ್ರು. ಶಾಸನಗಳು ಸಂಸ್ಕೃತದಲ್ಲೂ ಇವೆ, ಅವರದೇ ಚಾಮ್ ಭಾಷೆಯಲ್ಲೂ ಇವೆ. ಭದ್ರೇಶ್ವರ ಅನ್ನೋ ಹೆಸರು ಕೇಳಿದ ತಕ್ಷಣ ಅಮ್ಮನ ಮುಖ ನೋಡಬೇಕಿತ್ತು, ಮಾರನೇ ದಿನ ಅವರೇ ಪಾಸ್‌ಪೋರ್ಟ್‌ಗೆ ಏನೇನು ಕಾಗದ ಬೇಕು ಅಂತ ಕೇಳಿದ್ರು.

ಆ ಜಾಗದ ಕಥೆ ಓದ್ತಾ ಹೋದಷ್ಟೂ ಹೊಟ್ಟೆ ಉರಿಯುತ್ತೆ. 1969ರಲ್ಲಿ ಯುದ್ಧದ ಟೈಮಲ್ಲಿ ಅಮೆರಿಕದ ಬಾಂಬ್ ಬಿದ್ದು ಅಲ್ಲಿನ ಅತೀ ದೊಡ್ಡ ಗೋಪುರ ಸೇರಿ ಸುಮಾರು ಕಟ್ಟಡಗಳು ನೆಲಸಮ ಆದ್ವು, ಬಾಂಬ್ ಬಿದ್ದ ಗುಂಡಿಗಳು ಇವತ್ತಿಗೂ ಗುಡಿಗಳ ಪಕ್ಕದಲ್ಲೇ ಇವೆ. ಆಮೇಲೆ ಪೋಲೆಂಡಿನ ಕಾಜಿಮಿಯೆರ್ಜ್ ಕ್ವಿಯಾತ್ಕೋವ್ಸ್ಕಿ ಅನ್ನೋ ಆರ್ಕಿಟೆಕ್ಟ್ 1980ರ ದಶಕದಿಂದ ವರ್ಷಗಟ್ಟಲೆ ಅಲ್ಲೇ ಇದ್ದು ಉಳಿದದ್ದನ್ನ ಕಾಪಾಡಿದ್ರು. 1999ರಲ್ಲಿ ಮೀ ಸನ್ನೂ ಹೋಯಿ ಆನ್ನೂ ಒಂದೇ ವರ್ಷ ಯುನೆಸ್ಕೋ ಪಟ್ಟಿಗೆ ಸೇರಿದ್ವು. ನಮ್ಮ ಭಾರತೀಯ ಪುರಾತತ್ವ ಇಲಾಖೆಯೋರೂ ಅಲ್ಲಿ ಹೋಗಿ ಕೆಲಸ ಮಾಡಿದಾರೆ, 2020ರಲ್ಲಿ ಮಣ್ಣು ತೆಗೀತಿದ್ದಾಗ ಅವರಿಗೆ ಒಂದೇ ಮರಳುಗಲ್ಲಿನಲ್ಲಿ ಕಡೆದ ಶಿವಲಿಂಗ ಸಿಕ್ತು, 9ನೇ ಶತಮಾನದ್ದು. ನಮ್ಮ ನಂದಿ ಊರಿನ ಭೋಗ ನಂದೀಶ್ವರ ದೇವಸ್ಥಾನದ ಹಳೇ ಶಾಸನಗಳೂ 9ನೇ ಶತಮಾನದ ಶುರುವಿನವೇ. ಅಮ್ಮ ಪ್ರತಿ ಶಿವರಾತ್ರಿಗೆ ಹೋಗೋದು ಅಲ್ಲಿಗೇ. ಅಂದ್ರೆ ಇಲ್ಲಿ ನಂದಿ ಬೆಟ್ಟದ ಬುಡದಲ್ಲಿ ಪೂಜೆ ನಡೀತಿದ್ದ ಕಾಲಕ್ಕೆ ಅಲ್ಲೂ ನಡೀತಿತ್ತು, ಇಲ್ಲಿ ಇನ್ನೂ ಗಂಟೆ ಬಾರಿಸ್ತೀವಿ, ಅಲ್ಲಿ ನಿಂತು ಹೋಗಿದೆ. ಈ ಟ್ರಿಪ್‌ನಲ್ಲಿ ಬೇರೆ ಏನೇ ಬಿಟ್ರೂ ಮೀ ಸನ್ ಬಿಡಲ್ಲ.

ಅದಕ್ಕೆ ಪ್ಲ್ಯಾನ್ ಏನಂದ್ರೆ ಕಣಿವೆ ಆಗಿರೋದ್ರಿಂದ ಬಿಸಿಲೇರಿದ ಮೇಲೆ ಸೆಕೆ ತಡೆಯಕ್ಕಾಗಲ್ಲ, ಬೆಳಕು ಹರಿಯೋ ಹೊತ್ತಿಗೇ ಹೋಯಿ ಆನ್ ಬಿಡೋದು, ಗೇಟಿನಿಂದ ಒಳಗಡೆಗೆ ಎಲೆಕ್ಟ್ರಿಕ್ ಗಾಡಿ ಇದೆ, ಅದು ಇಳಿಸಿದ ಮೇಲೆ ನಡೀಬೇಕು. ಹಿಂದಿನ ದಿನ ಡಾ ನಾಂಗ್‌ನಲ್ಲಿ ಚಾಮ್ ಶಿಲ್ಪಗಳ ಮ್ಯೂಸಿಯಂ ನೋಡ್ತೀವಿ, ಮೀ ಸನ್‌ನ ಒಳ್ಳೊಳ್ಳೆ ವಿಗ್ರಹಗಳು ತುಂಬಾನೇ ಅಲ್ಲಿವೆ, ಅದನ್ನ ಮೊದಲು ನೋಡಿದ್ರೆ ಖಾಲಿ ಗುಡಿ ಮುಂದೆ ನಿಂತಾಗ ಒಳಗೆ ಏನಿತ್ತು ಅಂತ ಅಮ್ಮಂಗೆ ಕಣ್ಣಿಗೆ ಕಟ್ಟುತ್ತೆ.

ಕಾಗದ ಪತ್ರದ ವಿಷಯ ಬೇಗ ಹೇಳಿಬಿಡ್ತೀನಿ. ಹೊಸ ಪಾಸ್‌ಪೋರ್ಟ್‌ಗೆ 1500 ರೂಪಾಯಿ, 60 ದಾಟಿದೋರಿಗೆ ಅದರಲ್ಲಿ 10 ಪರ್ಸೆಂಟ್ ಕಮ್ಮಿ. ನಮ್ಮ ಕಡೆ ಆಧಾರ್‌ನಲ್ಲಿ ಇನಿಷಿಯಲ್ ಒಂಥರ, ವೋಟರ್ ಐಡಿನಲ್ಲಿ ಇನ್ನೊಂಥರ ಇರುತ್ತೆ, ಅದನ್ನ ಮೊದಲೇ ಒಂದು ಮಾಡಿಸ್ಕೊಳಿ, ಆಮೇಲೆ ಟಿಕೆಟ್ ಆಗ್ಲಿ ವೀಸಾ ಆಗ್ಲಿ ಪಾಸ್‌ಪೋರ್ಟ್‌ನಲ್ಲಿ ಹೆಂಗಿದೆಯೋ ಹಂಗೇ ಒಂದಕ್ಷರ ತಪ್ಪದೆ. ವಿಯೆಟ್ನಾಂ ಇ-ವೀಸಾ 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡ್ತಾರೆ, ಒಂದು ಸಲ ಹೋಗೋಕೆ 25 ಡಾಲರ್, ಎಷ್ಟು ಸಲ ಬೇಕಾದ್ರೂ ಹೋಗಿ ಬರೋಕೆ 50. ಹುಡುಕಿದ್ರೆ ಸರ್ಕಾರದ್ದೇ ಅನ್ನೋ ಥರ ಕಾಣೋ ಖಾಸಗಿ ಸೈಟ್‌ಗಳು ಮೇಲೆ ಬರ್ತವೆ, ಎರಡು ಮೂರು ಪಟ್ಟು ಕೇಳ್ತವೆ, ಅಸಲಿ ಸೈಟಿನ ವಿಳಾಸದ ಕೊನೇಲಿ ಗವ್ ಡಾಟ್ ವಿಎನ್ ಅಂತಲೇ ಇರಬೇಕು. ಫಾರಂನಲ್ಲಿ ಯಾವ ಏರ್‌ಪೋರ್ಟ್‌ನಲ್ಲಿ ಇಳೀತೀರ ಅಂತ ಕೇಳ್ತಾರೆ, ನಾವು ಡಾ ನಾಂಗ್ ಅಂತ ಹಾಕ್ತೀವಿ.

ಫ್ಲೈಟ್ ವಿಷಯದಲ್ಲಿ ನಮ್ಮ ಜಿಲ್ಲೆಯೋರಿಗೆ ಒಂದು ಅದೃಷ್ಟ, ದೇವನಹಳ್ಳಿ ಏರ್‌ಪೋರ್ಟ್ ನಮಗೆ ಮೆಜೆಸ್ಟಿಕ್‌ಗಿಂತ ಹತ್ತಿರ, ಹೈವೇನಲ್ಲಿ ನೇರ ಇಳಿದು ಹೋಗೋದಷ್ಟೇ. ಡಾ ನಾಂಗ್‌ಗೆ ಬ್ಯಾಂಕಾಕು, ಕೌಲಾಲಂಪುರ, ಸಿಂಗಾಪುರ ಹೀಗೆ ಒಂದು ಕಡೆ ಇಳಿದು ಹತ್ತಿ ಹೋಗಬಹುದು. ಎರಡು ಬೇರೆ ಬೇರೆ ಟಿಕೆಟ್ ತಗೊಂಡ್ರೆ ದುಡ್ಡು ಉಳಿಯುತ್ತೆ ಅಂತ ಅಕ್ಕ ತೋರಿಸಿದ್ಲು, ನಾನು ಒಪ್ಪಲಿಲ್ಲ, ಮಧ್ಯದಲ್ಲಿ ಲಗೇಜ್ ಈಚೆಗೆ ತಗೊಂಡು ಮತ್ತೆ ಚೆಕ್ ಇನ್ ಮಾಡಬೇಕಾಗುತ್ತೆ, ಮೊದಲ ಫ್ಲೈಟ್ ಲೇಟ್ ಆದ್ರೆ ಎರಡನೇದಕ್ಕೆ ಯಾರೂ ಜವಾಬ್ದಾರಿ ಇಲ್ಲ, ಅಪ್ಪ ಅಮ್ಮನ್ನ ಕರ್ಕೊಂಡು ಆ ರಿಸ್ಕ್ ಬೇಡ. ಒಂದೇ ಪಿಎನ್ಆರ್, ಜೊತೆಗೆ ಅಮ್ಮಂಗೆ ವೀಲ್‌ಚೇರ್ ಬುಕ್ಕಿಂಗ್ ಟೈಮಲ್ಲೇ ಹೇಳಿದೀವಿ.

ಊಟ. ನಮ್ಮನೇಲಿ ಅಮ್ಮ ಒಬ್ರೇ ಶುದ್ಧ ಸಸ್ಯಾಹಾರಿ. ಅಲ್ಲಿ ಬರೀ ಸೊಪ್ಪಿನ ಪಲ್ಯ ಕೇಳಿದ್ರೂ ಅದಕ್ಕೆ ಮೀನಿನ ಸಾಸ್ ಹಾಕಿರೋ ಚಾನ್ಸ್ ಇದೆ, ಅದಕ್ಕೆ ಬೋರ್ಡ್ ಮೇಲೆ ಚಾಯ್ (chay, ಟೀ ಅಲ್ಲ, ಅವರ ಭಾಷೇಲಿ ಸಸ್ಯಾಹಾರ) ಅಂತ ಬರೆದಿರೋ ಹೋಟೆಲ್‌ಗೇ ಹೋಗಬೇಕು, ಅವು ಹೋಯಿ ಆನ್‌ನಲ್ಲಿ ಚೆನ್ನಾಗೇ ಸಿಗ್ತವಂತೆ. ಬಾನ್ ಸೆಯೋ ಅಂತ ಅಕ್ಕಿ ಹಿಟ್ಟಿಗೆ ಅರಿಶಿನ ಹಾಕಿ ಗರಿಗರಿಯಾಗಿ ಹುಯ್ಯೋದು ಒಂದಿದೆ, ಮಾಮೂಲಿಯಾಗಿ ಸೀಗಡಿ ಹಂದಿ ಮಾಂಸ ತುಂಬಿರ್ತಾರೆ, ಚಾಯ್ ಹೋಟೆಲಲ್ಲಿ ಅಣಬೆ, ತೋಫು ಹಾಕಿ ಕೊಡ್ತಾರೆ, ಅಮ್ಮಂಗೆ ಅದು ಹಿಡಿಸುತ್ತೆ ಅಂತ ನನಗೆ ನಂಬಿಕೆ. ಆದ್ರೂ ಬ್ಯಾಗಲ್ಲಿ ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ, ಚಟ್ನಿಪುಡಿ ಇರುತ್ತೆ.

ದುಡ್ಡು ಡಾಂಗ್ ಲೆಕ್ಕ, ಒಂದು ಲಕ್ಷ ಡಾಂಗ್ ಅಂದ್ರೆ ನಮ್ಮ ದುಡ್ಡಲ್ಲಿ ಮುನ್ನೂರು ನಾನೂರು ರೂಪಾಯಿ ಒಳಗೆ. 20 ಸಾವಿರದ ನೋಟು ಮತ್ತೆ 5 ಲಕ್ಷದ ನೋಟು ಎರಡೂ ನೀಲಿ, ಕತ್ತಲಲ್ಲಿ ಕೊಡುವಾಗ ನೋಡ್ಕೊಂಡು ಕೊಡಿ. ಓಡಾಟಕ್ಕೆ ಗ್ರ್ಯಾಬ್ ಆಪ್ ಇದೆ, ರೇಟ್ ಮೊದಲೇ ಕಾಣುತ್ತೆ.

ಎಲ್ರೂ ಕೇಳೋದು ಗೋಲ್ಡನ್ ಬ್ರಿಡ್ಜ್ ನೋಡಲ್ವಾ ಅಂತ, ಎರಡು ದೊಡ್ಡ ಕೈ ಹಿಡ್ಕೊಂಡಿರೋ ಸೇತುವೆ, 2018ರಲ್ಲಿ ಆಗಿದ್ದು. ಅದಿರೋದು ಬಾ ನಾ ಬೆಟ್ಟದ ಮೇಲೆ, ಸುಮಾರು 1400 ಮೀಟರ್ ಎತ್ತರ, ನಮ್ಮ ನಂದಿ ಬೆಟ್ಟ 1478. ಒಂದು ದಿನ ಪೂರ್ತಿ ಹೋಗುತ್ತೆ, ಟಿಕೆಟ್ಟೂ ದುಬಾರಿ, ಜನಜಂಗುಳಿ ಬೇರೆ. ಮೋಡದ ಮಧ್ಯೆ ಬೆಟ್ಟದ ತುದಿ ಅಂದ್ರೆ ನಮಗೆ ಮನೆ ಪಕ್ಕದಲ್ಲೇ ಇದೆ, ಹಂಗಾಗಿ ಬಿಟ್ವಿ.

ಆ ದಿನವನ್ನ ಅಪ್ಪಂಗೆ ಕೊಟ್ಟಿದೀವಿ. ಅಪ್ಪ ಜೀವನ ಪೂರ್ತಿ ರೀಲರ್, ಅಂದ್ರೆ ರೇಷ್ಮೆ ಗೂಡಿನಿಂದ ನೂಲು ತೆಗೆಯೋರು, ಶಿಡ್ಲಘಟ್ಟ ಗೂಡಿನ ಮಾರ್ಕೆಟ್‌ನಲ್ಲಿ ಲಾಟು ಕೈಯಲ್ಲಿ ಹಿಡಿದು ನೋಡೇ ನೂಲು ಎಷ್ಟು ಬರುತ್ತೆ ಅಂತ ಹೇಳೋರು. ಮೀ ಸನ್ ಇರೋ ದುಯ್ ಸುಯೆನ್ ಸೀಮೆಯಲ್ಲೇ ಮಾ ಚೌ ಅಂತ ಹಳೇ ರೇಷ್ಮೆ ನೇಯೋ ಊರಿದೆ, ಹೋಯಿ ಆನ್ ಬಂದರಿನಿಂದ ಹಿಂದೆ ಹಡಗು ಹತ್ತುತಿದ್ದ ಸರಕಿನಲ್ಲಿ ಈ ಸೀಮೆಯ ರೇಷ್ಮೆನೂ ಇತ್ತು. ಅಲ್ಲಿನ ಹಳೇ ತಳಿ ಗೂಡು ಚಿನ್ನದ ಹಳದಿ ಬಣ್ಣ ಅಂತ ಫೋಟೋ ತೋರಿಸಿದೆ, ಅಪ್ಪ ಕನ್ನಡಕ ಹಾಕ್ಕೊಂಡು ದೊಡ್ಡದು ಮಾಡಿ ನೋಡಿ "ನಮ್ಮ ಮಿಶ್ರತಳಿಗಿಂತ ಬಣ್ಣ ಜೋರಾಗಿದೆ, ಎಳೆ ಉದ್ದ ಎಷ್ಟು ಬರುತ್ತೋ ಕೇಳಬೇಕು" ಅಂದ್ರು. ಈಗ ಅವರು ಕೇಳಬೇಕಾದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡ್ತಿದಾರೆ, ಬಿಸಿನೀರು ಎಷ್ಟು ಬಿಸಿ ಇಡ್ತಾರೆ, ಒಂದು ಕೆಜಿ ನೂಲಿಗೆ ಎಷ್ಟು ಗೂಡು, ನೂಲು ತೆಗೆದ ಮೇಲೆ ಗೂಡಿನೊಳಗೆ ಉಳಿಯೋ ಪ್ಯೂಪಾ ಯಾರಿಗೆ ಮಾರ್ತಾರೆ. ಅಕ್ಕ ಒಂದೊಂದನ್ನೇ ಫೋನಲ್ಲಿ ಅವರ ಭಾಷೆಗೆ ಹಾಕಿ ಪ್ರಿಂಟ್ ತೆಗೀತಾಳೆ, ಇಂಗ್ಲಿಷ್ ಬರೋರು ಹಳ್ಳಿನಲ್ಲಿ ಸಿಗದೇ ಇದ್ರೂ ಕಾಗದ ತೋರಿಸಿ ಕೇಳಬಹುದು.